ಆಲ್‌ಫ್ರಿಸ್ಟನ್ ಕ್ಲರ್ಜಿ ಹೌಸ್: ಒಳಸರಿದ ಗೋಡೆ, ಹಾಲಿನ ನೆಲ
ಇಂಗ್ಲೆಂಡಿನ ಆಲ್‌ಫ್ರಿಸ್ಟನ್ ಹಳ್ಳಿಯ ಈ ಹಳೆಯ ಪಾದ್ರಿ ಮನೆಯ ಮುಂಭಾಗದ ನಡುಗೋಡೆ ಒಳಗೆ ಸರಿದಿರುವುದು ಯಾಕೆ, ನೆಲಕ್ಕೆ ಹಾಲು ಬಳಿದದ್ದು ನಿಜವೇ ಅಂತ ಕೇಳಿದ್ದೀರಿ.

ಗೋಡೆ ಸರಿದಿಲ್ಲ, ಅದರ ಪಕ್ಕದ ಭಾಗಗಳು ಮುಂದೆ ಬಂದಿರುತ್ತವೆ. ಇದು 14ನೇ ಶತಮಾನದ ವೀಲ್ಡನ್ ಮಾದರಿಯ (ಆಗ್ನೇಯ ಇಂಗ್ಲೆಂಡಿನ ವೀಲ್ಡ್ ಪ್ರದೇಶದ ಹೆಸರಿನ) ಮನೆ. ನಡುವಿನ ಹಾಲ್‌ಗೆ ಅಟ್ಟವಿಲ್ಲ, ನೆಲದಿಂದ ಚಾವಣಿಯವರೆಗೂ ಖಾಲಿ. ಒಲೆಯ ಹೊಗೆ ಮೇಲೇರಲು ಆ ಎತ್ತರ ಬೇಕಿತ್ತು. ಈ ಮಾದರಿಯಲ್ಲಿ ಎರಡೂ ತುದಿಗಳಿಗೆ ಮೇಲಂತಸ್ತು. ಅದರ ತೊಲೆಗಳು ಕೆಳಗೋಡೆಯನ್ನು ದಾಟಿ ಹೊರಚಾಚುತ್ತವೆ. ಎಲ್ಲಕ್ಕೂ ಒಂದೇ ಹುಲ್ಲಿನ ಚಾವಣಿ. ಹಾಗಾಗಿ ನಡುವೆ ಸೂರಿನ ಕೆಳಗೆ ಜಾಗ ಉಳಿಯುತ್ತದೆ, ಅಲ್ಲಿ ಸೂರನ್ನು ಹೊರುವುದು ಬಾಗಿದ ಮರದ ಆಧಾರಗಳು.

ನೆಲದ ಮಾತು ನಿಜ. ಸೀಮೆಸುಣ್ಣದ ಕಲ್ಲನ್ನು ಪುಡಿಮಾಡಿ, ದಮ್ಮಸು ಹಾಕಿ, ಮೇಲೆ ಹುಳಿ ಬಂದ ಹಾಲು ಬಳಿದಿದ್ದಾರೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಪುಡಿಯನ್ನು ಹಿಡಿದಿಟ್ಟು ಧೂಳೇಳದಂತೆ ಮಾಡುತ್ತದೆ.

ಇಂಥ ಮನೆಗೆ ದೊಡ್ಡ ಶತ್ರು ಸಿಮೆಂಟ್. ಮರದ ಚೌಕಟ್ಟಿನ ನಡುವೆ ಸಿಮೆಂಟ್ ಮೆತ್ತಿದರೆ ಅಂಚಿನ ಬಿರುಕಿನಲ್ಲಿ ಇಳಿದ ಮಳೆನೀರು ಆರುವುದಿಲ್ಲ, ಓಕ್ ಮರವೂ ಕೊಳೆಯುತ್ತದೆ. ಸುಣ್ಣದ ಗಾರೆಯೇ ಸರಿ. 1896ರಲ್ಲಿ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಈ ಮನೆಯನ್ನು ಕೇವಲ 10 ಪೌಂಡಿಗೆ ಕೊಂಡಿತು, ಅವರು ಕೊಂಡ ಮೊದಲ ಕಟ್ಟಡವೇ ಇದು. ಹೋದರೆ ಹಾಲ್‌ನ ಮೂಲೆಯಲ್ಲಿ ಕೆತ್ತಿದ ಓಕ್ ಎಲೆಯನ್ನು ಖಂಡಿತ ನೋಡಿ.