ಬಿಲ್ ಎವನ್ಸ್ ಅವರ ಎಡಗೈ ಬಗ್ಗೆ ಕೇಳಿದವರಿಗೆ

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ನಾಲ್ಕು ಸಾಲಲ್ಲಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದೀರಿ, ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದರೆ ಕಲಸಿದ ಹಾಗೆ ಕೇಳುತ್ತದೆ, ಅಮೆರಿಕದ ಜಾಜ್ ಪಿಯಾನೋ ವಾದಕ ಬಿಲ್ ಎವನ್ಸ್ ನುಡಿಸಿದರೆ ಮಾತ್ರ ಅಷ್ಟು ತಿಳಿಯಾಗಿರುತ್ತದೆ, ಯಾಕೆ ಅಂತ ಕೇಳಿದ್ದೀರಿ. ಜೊತೆಗೆ, ಅವರ ಯಾವ ಆಲ್ಬಂ ಮೊದಲು ಕೇಳಬೇಕು ಅಂತಲೂ ಕೇಳಿದ್ದೀರಿ.

ಮೊದಲು ಎಡಗೈ. ಡಿ ಮೈನರ್ ಸೆವೆನ್ ಅಂದರೆ ನೀವು ಡಿ, ಎಫ್, ಎ, ಸಿ ಹಿಡಿಯುತ್ತೀರಿ, ಅಲ್ವಾ? ಎವನ್ಸ್ ಆ ಡಿಯನ್ನೇ ಬಿಟ್ಟುಬಿಡುತ್ತಾರೆ. ಎಫ್, ಎ, ಸಿ, ಇ ಹಿಡಿದು ನೋಡಿ. ಎಫ್ ಮಧ್ಯದ ಸಿಗಿಂತ ಕೆಳಗಿನದು, ಇ ಅದರ ಮೇಲಿನದು. ಈಗ ಸಿ ಮೇಲಿರುವ ಬೆರಳನ್ನು ಬಿಗೆ ಇಳಿಸಿ. ಎಫ್, ಎ, ಬಿ, ಇ. ಜಿ ಸೆವೆನ್ ಬಂತು. ಒಂದೇ ಬೆರಳು ಸರಿದಿದ್ದು! ಆಮೇಲೆ ಬಿ ಹಾಗೇ ಇರಲಿ, ಉಳಿದ ಮೂರನ್ನು ಪಕ್ಕದ ಬಿಳಿ ಮನೆಗೆ ಇಳಿಸಿ: ಇ, ಜಿ, ಬಿ, ಡಿ. ಸಿ ಮೇಜರ್ ಸೆವೆನ್. ಕೈ ಎಲ್ಲೂ ಹಾರುವುದಿಲ್ಲ, ಇದ್ದಲ್ಲೇ ಉಸಿರಾಡಿದ ಹಾಗೆ ಸರಿಯುತ್ತದೆ. ಇದನ್ನೇ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗೆ ನುಡಿಸಿದರೆ ಮತ್ತೆ ಕಲಸಿಹೋಗುತ್ತದೆ. ತಗ್ಗಿನ ಸ್ವರಗಳು ಹತ್ತಿರ ಹತ್ತಿರ ಬಂದರೆ ಒಂದಕ್ಕೊಂದು ಗುದ್ದಾಡುತ್ತವೆ. ನಿಮ್ಮ ಅರ್ಧ ತೊಂದರೆ ಅದೇ ಅಂತ ನನ್ನ ಅಂದಾಜು.

ಇದನ್ನು ಎವನ್ಸ್ ಒಬ್ಬರೇ ಕಂಡುಹಿಡಿದರು ಅಂತ ಕೆಲವರು ಹೇಳುತ್ತಾರೆ. ಅದು ಜಾಸ್ತಿಯಾಯಿತು. ಅಹ್ಮದ್ ಜಮಾಲ್, ರೆಡ್ ಗಾರ್ಲಂಡ್ ಅನ್ನುವ ಪಿಯಾನೋ ವಾದಕರು ಕೂಡ ಮೂಲ ಸ್ವರ (ಕಾರ್ಡಿಗೆ ಹೆಸರು ಕೊಡುವ ಸ್ವರ) ಬಿಟ್ಟು ನುಡಿಸುತ್ತಿದ್ದರು. ಎವನ್ಸ್ ಕೈಯಲ್ಲಿ ಅದು ಒಂದು ಭಾಷೆಯಾಯಿತು, ಮುಂದೆ ಪಿಯಾನೋ ವಾದಕರಾದ ಹರ್ಬಿ ಹ್ಯಾಂಕಾಕ್, ಚಿಕ್ ಕೊರಿಯಾ, ಕೀತ್ ಜ್ಯಾರೆಟ್ ತನಕ ಅದರ ಪ್ರಭಾವ ಹೋಯಿತು.

ಸರಿ, ಬಿಟ್ಟ ಆ ಡಿಯನ್ನು ಯಾರು ನುಡಿಸಬೇಕು? ಬೇಸ್‌ನವರು, ಅಂದರೆ ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ ನುಡಿಸುವವರು. ಇಲ್ಲೇ ನಾನು ಎಡವಿದ್ದು. ಈ ಕಾರ್ಡ್‌ಗಳನ್ನು ಹೊಸದಾಗಿ ಕಲಿತ ಹುರುಪಿನಲ್ಲಿ ಗೆಳೆಯನ ಮನೆ ಸಮಾರಂಭದಲ್ಲಿ ಒಬ್ಬನೇ ಕೂತು ಇವನ್ನೇ ನುಡಿಸಿದೆ. ಬೇಸ್ ಇಲ್ಲ, ತಂಬೂರಿ ಇಲ್ಲ. ಹಾಡುತ್ತಿದ್ದ ಅಕ್ಕ ಎರಡನೇ ಸಾಲಿಗೇ ತಿರುಗಿ ನನ್ನ ಮುಖ ನೋಡಿದರು. ಶ್ರುತಿ ಎಲ್ಲಿದೆ ಅಂತಲೇ ಅವರಿಗೆ ಸಿಕ್ಕಿರಲಿಲ್ಲ. ಹಾಗಾಗಿ ಅಭ್ಯಾಸ ಮಾಡುವಾಗ ಬೇಸ್ ಟ್ರ್ಯಾಕ್ ಹಾಕಿಕೊಳ್ಳಿ. ಇಲ್ಲದಿದ್ದರೆ ಬಲಗೈಯಲ್ಲಿ ರಾಗ ಬೇಡ, ಎಡಗೈಯಲ್ಲಿ ಬರೀ ಡಿ, ಜಿ, ಸಿ ಹಿಡಿದು ಬಲಗೈಯಲ್ಲಿ ಈ ಕಾರ್ಡ್‌ಗಳನ್ನು ನುಡಿಸಿ. ಕಿವಿಗೆ ಲೆಕ್ಕ ಸಿಗುತ್ತದೆ.

ಬೇಸ್ ಮಾತು ಬಂತಲ್ಲ, ಮೊದಲು ಕೇಳಬೇಕಾದ ಆಲ್ಬಂ ಕೂಡ ಅದರಿಂದಲೇ ತಿಳಿಯುತ್ತದೆ. 1959ರ ಕೊನೆಯ ಹೊತ್ತಿಗೆ ಎವನ್ಸ್ ಒಂದು ಟ್ರಯೋ (ಮೂವರ ತಂಡ) ಕಟ್ಟಿದ್ದರು. ಬೇಸ್‌ಗೆ ಸ್ಕಾಟ್ ಲಫಾರೋ, ಡ್ರಮ್ಸ್‌ಗೆ ಪಾಲ್ ಮೋಷಿಯನ್. ಅಲ್ಲಿಯ ತನಕ ಪಿಯಾನೋ ಟ್ರಯೋ ಅಂದರೆ ಸಾಮಾನ್ಯವಾಗಿ ಪಿಯಾನೋ ಮುಂದೆ, ಉಳಿದಿಬ್ಬರು ತಾಳ ಹಿಡಿಯುವವರು. ಇಲ್ಲಿ ಲಫಾರೋ ತಾಳ ಎಣಿಸುತ್ತಾ ಕೂರುವುದಿಲ್ಲ. ಎವನ್ಸ್ ಒಂದು ಮಾತು ಆಡಿದರೆ ನಡುವೆ ಬಾಯಿ ಹಾಕುತ್ತಾರೆ, ವಾದಿಸುತ್ತಾರೆ, ಸುಮ್ಮನಾಗುತ್ತಾರೆ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಮಧ್ಯಾಹ್ನ ಮತ್ತು ಸಂಜೆ ಸೇರಿ ಐದು ಸೆಟ್ ನುಡಿಸಿದರು. ಅದರಿಂದಲೇ 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್' ಮತ್ತು 'ವಾಲ್ಟ್ಸ್ ಫಾರ್ ಡೆಬಿ' ಬಂದವು. ಡೆಬಿ ಅಂದರೆ ಅವರ ಅಣ್ಣನ ಮಗಳು. ಗ್ಲಾಸಿನ ಸದ್ದು, ಜನರ ಮಾತು ಎಲ್ಲಾ ಕೇಳುತ್ತದೆ. ಎಂಥಾ ಸಂಗೀತ ನಡೀತಿದೆ ಅನ್ನೋ ಪರಿವೆ ಅಲ್ಲಿದ್ದ ಸುಮಾರು ಜನರಿಗೆ ಇದ್ದ ಹಾಗಿಲ್ಲ!

ಅದಾಗಿ ಹನ್ನೊಂದೇ ದಿನಕ್ಕೆ, ಜುಲೈ 6ರಂದು, ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಎವನ್ಸ್ ತಿಂಗಳುಗಟ್ಟಲೆ ಮಂದಿಯ ಮುಂದೆ ಕೂತು ನುಡಿಸಲೇ ಇಲ್ಲ. ಕೆಳಗಿನ ಸ್ವರವನ್ನು ನಂಬಿ ಬಿಟ್ಟುಕೊಟ್ಟಿದ್ದ ಮನುಷ್ಯನೇ ಹೋದ ಮೇಲೆ ಏನು ನುಡಿಸುವುದು? 'ವಾಲ್ಟ್ಸ್ ಫಾರ್ ಡೆಬಿ'ಯಿಂದ ಶುರು ಮಾಡಿ. ಮೊದಲ ಸಲ ಬರೀ ಬೇಸ್ ಹಿಂದೆ ಹೋಗಿ, ಪಿಯಾನೋ ಎರಡನೇ ಸಲಕ್ಕೆ ಇರಲಿ.

ಇದೇ ಚರ್ಚೆಯಲ್ಲಿ ಮೇಲೆ ಒಬ್ಬರು, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಂ ಪೂರ್ತಿ ಎವನ್ಸ್ ನುಡಿಸಿದ್ದು ಅಂತ ಬರೆದಿದ್ದಾರೆ. ಪೂರ್ತಿ ಅಲ್ಲ. ಅದರಲ್ಲಿನ 'ಫ್ರೆಡ್ಡಿ ಫ್ರೀಲೋಡರ್'ನಲ್ಲಿ ಪಿಯಾನೋ ವಿಂಟನ್ ಕೆಲ್ಲಿ ಅವರದು. ಎವನ್ಸ್ 1958ರಲ್ಲಿ ಮೈಲ್ಸ್ ಡೇವಿಸ್ ತಂಡ ಸೇರಿ ಅದೇ ವರ್ಷ ಬಿಟ್ಟಿದ್ದರು, 1959ರಲ್ಲಿ ಈ ರೆಕಾರ್ಡಿಂಗಿಗೆ ಡೇವಿಸ್ ಅವರನ್ನು ಮತ್ತೆ ಕರೆಸಿಕೊಂಡರು. ಅದರಲ್ಲಿನ 'ಸೋ ವಾಟ್' ನಮ್ಮ ಕಿವಿಗೆ ಬೇಗ ಹತ್ತುತ್ತದೆ. ಡಿಯನ್ನು ಷಡ್ಜ ಮಾಡಿಕೊಂಡು ಬಿಳಿ ಮನೆಗಳಲ್ಲೇ ಹೋಗಿ, ಖರಹರಪ್ರಿಯದ ಸ್ವರಗಳು ಬರುತ್ತವೆ. ಧಾರವಾಡದ ಕಡೆಯವರು ಕಾಫಿ ಥಾಟ್ ಅನ್ನಿ. ರಾಗ ಅಂತ ಮಾತ್ರ ಅನ್ನಬೇಡಿ, ಗಮಕವೂ ಇಲ್ಲ, ಸಂಚಾರವೂ ಇಲ್ಲ. 16 ಬಾರ್ (ನಾಲ್ಕು ಎಣಿಕೆಯ ಒಂದೊಂದು ಸುತ್ತು) ಆದ ಮೇಲೆ ಶ್ರುತಿಯೇ ಅರ್ಧ ಮನೆ ಮೇಲೆ ಹೋಗುತ್ತದೆ, 8 ಬಾರ್ ಕಳೆದು ವಾಪಸ್ ಬರುತ್ತದೆ. ನಮ್ಮ ಕಛೇರಿಯಲ್ಲಿ ಹಾಗೆ ಮಾಡಿದರೆ ಮೃದಂಗದವರು ಎದ್ದು ಹೋದಾರು.

ನೀವು ಒಬ್ಬರೇ ಅಭ್ಯಾಸ ಮಾಡುವವರು, ಹಾಗಾಗಿ 'ಪೀಸ್ ಪೀಸ್' ಕೇಳಲೇಬೇಕು. 1958ರದು, ಬರೀ ಪಿಯಾನೋ, ಆರು ನಿಮಿಷ ಚಿಲ್ಲರೆ. ಎಡಗೈ ಎರಡೇ ಕಾರ್ಡ್ ನಡುವೆ ತೊಟ್ಟಿಲು ತೂಗಿದ ಹಾಗೆ ಓಡಾಡುತ್ತದೆ. ಗಮನಿಸಿ, ಇಲ್ಲಿ ಎವನ್ಸ್ ಕೆಳಗಿನ ಸಿಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಜೊತೆಗೆ ಬೇಸ್ ಇಲ್ಲವಲ್ಲ! ನನಗೆ ಸಮಾರಂಭದಲ್ಲಿ ಹೊಳೆಯದೇ ಹೋದದ್ದು ಇದೇ.

ಅವರ ಜೀವನದ ಬಗ್ಗೆಯೂ ಕೇಳಿದ್ದೀರಿ. 1929ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದರು. ಚಿಕ್ಕಂದಿನಿಂದ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ, ಕೊಳಲೂ ಬರುತ್ತಿತ್ತು. ಫ್ರೆಂಚ್ ಸಂಗೀತಗಾರರಾದ ಡೆಬುಸಿ, ರವೇಲ್ ಅವರ ಬಣ್ಣ ಅವರ ಕಾರ್ಡ್‌ಗಳಲ್ಲಿ ಕಾಣುವುದು ಅದಕ್ಕೇ. ಹೆರಾಯಿನ್, ಆಮೇಲೆ ಕೊಕೇನ್, ಎರಡೂ ದೇಹವನ್ನು ತಿಂದು ಹಾಕಿದವು. 1979ರಲ್ಲಿ ಅಣ್ಣ ಹ್ಯಾರಿ ಆತ್ಮಹತ್ಯೆ ಮಾಡಿಕೊಂಡರು. 1980ರ ಸೆಪ್ಟೆಂಬರ್ 15ಕ್ಕೆ ಎವನ್ಸ್ ಕೂಡ ಹೋದರು, 51 ವರ್ಷ. ನೋವಿದ್ದಿದ್ದಕ್ಕೇ ಹಾಗೆ ನುಡಿಸಿದರು ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಗಂಟೆಗಟ್ಟಲೆ ಕೂತು ಸಾಧನೆ ಮಾಡಿದ್ದಕ್ಕೆ ನುಡಿಸಿದರು.

ಈ ವಾರ ಆ ಮೂರು ಕಾರ್ಡ್ ಮಾತ್ರ ಮಾಡಿ. ಮೆಟ್ರೋನೋಮ್ (ಲಯ ಎಣಿಸುವ ಯಂತ್ರ) 60ಕ್ಕೆ ಇಡಿ, ಒಂದು ಕಾರ್ಡಿಗೆ ನಾಲ್ಕು ಎಣಿಕೆ. ಸಸ್ಟೇನ್ ಪೆಡಲ್ ಮುಟ್ಟಬೇಡಿ, ಅದು ತಪ್ಪು ಮುಚ್ಚಿಬಿಡುತ್ತದೆ. ಕೀಬೋರ್ಡಿನಲ್ಲಿ ಟಚ್ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಆಫ್ ಇದ್ದರೆ ಎಷ್ಟು ಮೆತ್ತಗೆ ಒತ್ತಿದರೂ ಒಂದೇ ಜೋರು. ರೆಕಾರ್ಡ್ ಮಾಡಿ ಇಲ್ಲೇ ಹಾಕಿ, ಭಾನುವಾರ ಕೇಳಿ ಹೇಳುತ್ತೇನೆ.