ಮರದ ಚೌಕಟ್ಟಿನಲ್ಲಿ ಅಕ್ರಿಲಿಕ್: ಬಿಗಿಯಾಗಿ ಕೂರಿಸಬೇಡಿ

ಯುಗಾದಿ ಕಳೆದು ದಾವಣಗೆರೆಯ ಬಿಸಿಲು ಏರಿದ ಮೇಲೆ ನನಗೆ ಬರುವ ಫೋಟೋಗಳೆಲ್ಲ ಒಂದೇ ಥರ. ತೇಗದ ಹಲಗೆ, ಸ್ಕ್ರಾಲ್ ಸಾನಲ್ಲಿ (ಸಣ್ಣ ಬ್ಲೇಡಿನ ಗರಗಸದ ಯಂತ್ರ) ಕೊರೆದ ಚಂದದ ಚಿತ್ರ, ನಡುವೆ ಉಬ್ಬಿ ನಿಂತ ಬಣ್ಣದ ಅಕ್ರಿಲಿಕ್ ಶೀಟ್. ಇಷ್ಟು ಶ್ರಮದ ಕೆಲಸ ಹಾಳಾಗುವುದನ್ನು ನೋಡಲು ಸಂಕಟವಾಗುತ್ತದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ ಕೊಡುತ್ತೇನೆ.

ಹಿರಿಯೂರಿನಿಂದ: ಆಗಸ್ಟ್‌ನಲ್ಲಿ ತೇಗದ ಹಲಗೆಯಲ್ಲಿ ದುರ್ಗದ ಕೋಟೆ ಕೊರೆದೆ. ಆಕಾಶದ ಜಾಗ ಸುಮಾರು 30 ಸೆಂ.ಮೀ. ಅಗಲ. ಅಲ್ಲಿಗೆ 3 ಮಿ.ಮೀ. ಕಿತ್ತಳೆ ಅಕ್ರಿಲಿಕ್ ಅನ್ನು ಕೂದಲೂ ತೂರದಂತೆ ಕೂರಿಸಿ ಸೂಪರ್ ಗ್ಲೂ ಹಾಕಿದೆ. ಏಪ್ರಿಲ್‌ಗೆ ಉಬ್ಬಿತು, ಮೂಲೆಯಲ್ಲಿ ಸೀಳಿತು, ಅಂಚಿನಲ್ಲಿ ಬಿಳಿ ಮಂಜು ಕಟ್ಟಿದೆ. ಶೀಟ್ ಕಳಪೆಯದೇ?

ಶೀಟ್ ಸರಿಯಾಗಿಯೇ ಇದೆ. ತಪ್ಪಾಗಿದ್ದು ಆ "ಕೂದಲೂ ತೂರದಂತೆ" ಎಂಬಲ್ಲಿ. ಸಂದಿಲ್ಲದೆ ಕೂತರೇ ಕೈಕೆಲಸ ಎನ್ನುವ ಮಾತು ಮರಕ್ಕೆ ಮರ ಕೂಡಿಸುವಾಗ ಸರಿ. ಮೈಸೂರಿನ ಬೀಟೆ ಮರದ ಕುಂದಣ ಕೆಲಸದವರು ಹಾಗೆ ಕೂರಿಸುತ್ತಾರೆ, ಅಲ್ಲಿ ಹೆಚ್ಚಾಗಿ ಎರಡೂ ಕಡೆ ಇರುವುದು ಮರವೇ. ಅಕ್ರಿಲಿಕ್ ಪ್ಲಾಸ್ಟಿಕ್. ಅದರ ಸ್ವಭಾವ ಬೇರೆ.

ಆಗಸ್ಟ್‌ನಲ್ಲಿ ಗಾಳಿ ತೇವವಾಗಿರುತ್ತದೆ. ಹಲಗೆ ಆ ತೇವ ಹೀರಿ ಅಡ್ಡಕ್ಕೆ ಹಿಗ್ಗಿರುತ್ತದೆ. ಆ ಹಿಗ್ಗಿದ ಕಿಂಡಿಯ ಅಳತೆಗೆ ನೀವು ಶೀಟ್ ಕೊಯ್ದಿರಿ. ಏಪ್ರಿಲ್‌ನ ಒಣಗಾಳಿಗೆ ಅದೇ ಹಲಗೆ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಅದರ ಜೊತೆ ಕಿಂಡಿಯೂ ಕುಗ್ಗುತ್ತದೆ. 30 ಸೆಂ.ಮೀ.ಗೆ ಒಂದು ಮಿ.ಮೀ. ಹೋಗುವುದು ದೊಡ್ಡದೇನಲ್ಲ. ಅಕ್ರಿಲಿಕ್ ಅದೇ ಹೊತ್ತಿನಲ್ಲಿ ಬಿಸಿಗೆ ಬೆಳೆಯುತ್ತದೆ. ಒಂದು ಮೀಟರ್ ಉದ್ದದ ಶೀಟ್ ಒಂದು ಡಿಗ್ರಿ ಬಿಸಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಬಿಸಿಲು ಬೀಳುವ ಗೋಡೆಯಲ್ಲಿ 25 ಡಿಗ್ರಿ ಏರಿದರೆ ನಿಮ್ಮ 30 ಸೆಂ.ಮೀ. ಶೀಟ್ ಅರ್ಧ ಮಿ.ಮೀ. ಬೆಳೆಯಿತು. ಕಿಂಡಿ ಕಿರಿದಾಯಿತು, ಶೀಟ್ ಹಿರಿದಾಯಿತು. ಹೆಚ್ಚಾದ ಆ ಒಂದೂವರೆ ಮಿ.ಮೀ. ಹೋಗಲು ಜಾಗವಿಲ್ಲದೆ ಶೀಟ್ ಬಾಗುತ್ತದೆ. ಎರಡೂ ತುದಿ ಅಲುಗದಂತೆ ಹಿಡಿದಿದ್ದರೆ ನಡುವಿನ ಉಬ್ಬು ಒಂದು ಸೆಂ.ಮೀ. ದಾಟುತ್ತದೆ. ಬಾಗಲೂ ಆಗದ ಕಡೆ, ಅಂದರೆ ಚೂಪು ಮೂಲೆಯಲ್ಲಿ, ಸೀಳುತ್ತದೆ.

ನಾನು ಇದನ್ನು ಕಲಿತದ್ದು ಒಂದು ದೇವರ ಮನೆಯ ಬಾಗಿಲು ಹಾಳುಮಾಡಿ. ಮಳೆಗಾಲದಲ್ಲಿ ಕೊಟ್ಟದ್ದು ಬೇಸಿಗೆಗೆ ನಾಲ್ಕು ಕಡೆ ಸೀಳಿ ವಾಪಸ್ ಬಂತು. ಅಂದಿನಿಂದ ಒಂದು ಚೂರು ಅಕ್ರಿಲಿಕ್ಕನ್ನೂ ಕಿಂಡಿಯೊಳಗೆ ಕೂರಿಸಿಲ್ಲ.

ಬಣ್ಣ ಕಿಂಡಿಯ ಹಿಂದೆ ಇರಲಿ. ಶೀಟನ್ನು ಕಿಂಡಿಗಿಂತ ಎಲ್ಲ ಕಡೆಯೂ 12 ಮಿ.ಮೀ. ದೊಡ್ಡದಾಗಿ ಕೊಯ್ಯಿರಿ. ಹಲಗೆಯ ಹಿಂಬದಿಯಲ್ಲಿ, ಮರದಲ್ಲಿ ತಗ್ಗು ಕೊರೆಯುವ ಯಂತ್ರವಾದ ರೂಟರ್‌ನಿಂದ 4 ಮಿ.ಮೀ. ಆಳ ತಗ್ಗು ತೆಗೆದು ಅದರಲ್ಲಿ ಮಲಗಿಸಿ. ತಗ್ಗು ಶೀಟ್‌ಗಿಂತ ಸುತ್ತಲೂ 2 ಮಿ.ಮೀ. ಅಗಲವಿರಲಿ. ರೂಟರ್ ಇಲ್ಲದಿದ್ದರೆ ತಗ್ಗೇ ಬೇಡ, ಹಿಂಬದಿಗೆ ನೇರ ಇಟ್ಟು ಸ್ಕ್ರೂ ಹಾಕಿ. 3 ಮಿ.ಮೀ. ಸ್ಕ್ರೂಗೆ ಶೀಟ್‌ನಲ್ಲಿ 5 ಮಿ.ಮೀ. ತೂತು, ಮೇಲೆ ವಾಷರ್. ಬಿಗಿ ಮಾಡಿದ ಮೇಲೆ ಕಾಲು ಸುತ್ತು ಸಡಿಲಿಸಿ. ಬೆರಳಲ್ಲಿ ತಳ್ಳಿದರೆ ಶೀಟ್ ಜರುಗಬೇಕು. ಅಂಟೇ ಬೇಕೆನ್ನುವವರು ಹುಳಿ ವಾಸನೆ ಬರದ ನ್ಯೂಟ್ರಲ್ ಸಿಲಿಕೋನ್ ಅನ್ನು ಮೇಲಂಚಿನ ನಡುವೆ ಒಂದು ಹನಿ ಹಾಕಲಿ, ಸುತ್ತಲೂ ಬಳಿಯುವುದು ಬೇಡ.

ಆ ಬಿಳಿ ಮಂಜು ಸೂಪರ್ ಗ್ಲೂವಿನ ಆವಿ ಕೂತದ್ದು. ಅದನ್ನು ಅಳಿಸಲು ಥಿನ್ನರ್ ಮುಟ್ಟಿಸಬೇಡಿ, ಶೀಟ್ ತುಂಬ ಕೂದಲೆಳೆಯ ಬಿರುಕು ಬೀಳುತ್ತದೆ. ಸ್ಪಿರಿಟ್ ಇರುವ ಫ್ರೆಂಚ್ ಪಾಲಿಶ್ ಕೂಡ ಅದೇ ಕೆಡುಕು ಮಾಡುತ್ತದೆ. ಹಾಗಾಗಿ ಮರಕ್ಕೆ ಪಾಲಿಶ್ ಮೊದಲು, ಅದು ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್. ಕ್ಲೋರೋಫಾರಂ ಹಾಕಿ ಅಂಟಿಸಿ ಎಂದು ಹೇಳಿಕೊಡುವವರ ಮಾತನ್ನಂತೂ ಕೇಳಲೇಬೇಡಿ. ಅದು ಅಕ್ರಿಲಿಕ್ಕಿಗೆ ಅಕ್ರಿಲಿಕ್ ಕೂಡಿಸುವ ದ್ರವ, ಮರಕ್ಕೆ ಹಿಡಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕುಡಿಯುವುದು ಜೀವಕ್ಕೇ ಕುತ್ತು.

ಹರಿಹರದಿಂದ: ಕೊಯ್ದ ಗೆರೆ ಬ್ಲೇಡ್‌ನ ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತದೆ.

ಬ್ಲೇಡ್ ಬಿಸಿಯಾಗಿ ಅಕ್ರಿಲಿಕ್ ಕರಗುತ್ತಿದೆ. ವೇಗ ತಗ್ಗಿಸಿ, ಸಣ್ಣ ಹಲ್ಲಿನ ಬ್ಲೇಡ್ ತೆಗೆದು 5 ಅಥವಾ 7ನೇ ನಂಬರಿನ, ಹಲ್ಲು ಬಿಟ್ಟು ಬಿಟ್ಟು ಇರುವ ಬ್ಲೇಡ್ ಹಾಕಿ. ಶೀಟ್‌ನ ಕಾಗದ ಕೀಳಬೇಡಿ, ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ. ಎಣ್ಣೆ ಬೇಡ, ಆಮೇಲೆ ಅದೇ ಮರಕ್ಕೆ ಹತ್ತಿ ಪಾಲಿಶ್ ಕೂರುವುದಿಲ್ಲ.

ಚನ್ನಗಿರಿಯಿಂದ: ಮಾಮೂಲಿ ಬ್ಲೇಡ್‌ನಲ್ಲೇ ಬಣ್ಣದ ಗಾಜು ಕೊಯ್ಯಬಹುದೇ?

ಆಗದು. ಗಾಜನ್ನು ಕಟರ್ ಚಕ್ರದಿಂದ ಗೀರಿ ಮುರಿಯುತ್ತಾರೆ. ಒಳಬಾಗಿದ ಚಿತ್ರಕ್ಕೆ ಗಾಜು ಬೇಕೆಂದು ಹಟ ಹಿಡಿಯಬೇಡಿ, ಅಲ್ಲೇ ಅದು ತಪ್ಪಿ ಮುರಿಯುವುದು.

ಜಗಳೂರಿನಿಂದ: ಯಾವ ಬಣ್ಣ ಚೆನ್ನ?

ಚೂರನ್ನು ಕಿಟಕಿಗೆ ಹಿಡಿದು ನೋಡಿ. ಮೇಜಿನ ಮೇಲಿಟ್ಟು ಆರಿಸಿದರೆ ಬರೀ ಕಪ್ಪಾಗಿ ಕಾಣುತ್ತದೆ.

ಹೊಸದುರ್ಗದಿಂದ: ಗಾಜಿನ ಚೂರುಗಳಿಗೆ ತಾಮ್ರದ ಪಟ್ಟಿ ಸುತ್ತಿ ಅಡುಗೆಮನೆಯಲ್ಲೇ ಬೆಸುಗೆ ಹಾಕುತ್ತಿದ್ದೇನೆ. ಮಕ್ಕಳೂ ಕೈಜೋಡಿಸುತ್ತಾರೆ.

ಇವತ್ತೇ ನಿಲ್ಲಿಸಿ. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ 60/40 ಬೆಸುಗೆಯಲ್ಲಿ ನೂರಕ್ಕೆ 40 ಪಾಲು ಸೀಸ. ಅದು ಬೆರಳಿನಿಂದ ಬಾಯಿಗೆ ಹೋಗುತ್ತದೆ, ಮಕ್ಕಳ ಮಿದುಳಿಗೆ ಕೆಡುಕು ಮಾಡುತ್ತದೆ. ಸೀಸವಿಲ್ಲದ ಬೆಸುಗೆ ಕೊಳ್ಳಿ, ಅಡುಗೆಮನೆಯಿಂದ ಸಾಮಾನೆಲ್ಲ ಹೊರಗೆ ಸಾಗಿಸಿ, ಆ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಹಾಕಬೇಡಿ, ಪುಡಿ ಏಳುತ್ತದೆ. ಮಕ್ಕಳ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಈ ವಾರವೇ ಕೇಳಿ.