ಸೊಸೆ ಹೇಳಿದ ಹೆಸರು, ಅತ್ತೆ ಹೇಳಿದ ಹೆಸರು

ಹಾವೇರಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. 31 ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮಗನಿಗೆ ಗಂಡು ಕೂಸಾಗಿದೆ. ತೀರಿಕೊಂಡ ಯಜಮಾನರ ಹೆಸರು ಬಸಪ್ಪ. ಮೊಮ್ಮಗನಿಗೆ ಬಸವರಾಜ ಅಂತ ಇಡಬೇಕು ಎಂದು ಇವರ ಆಸೆ. ಸೊಸೆಯ ಮನಸ್ಸಿನಲ್ಲಿರುವುದು ರಿಷಭ್. ಮಗ ನಡುವೆ ಸಿಕ್ಕಿಕೊಂಡು, "ಅವ್ವಾ, ಸಾಲ್ಯಾಗ ಎಲ್ಲಾರೂ ಬಸ್ಯಾ ಬಸ್ಯಾ ಅಂತಾರ" ಎಂದಿದ್ದಾನಂತೆ. ತೊಟ್ಟಿಲು ಹಾಕುವ ಕಾರ್ಯಕ್ರಮ ಬರುವ ತಿಂಗಳು. ಅವರು ಕೇಳಿರುವುದು ಇಷ್ಟು: ಬಸವರಾಜ ಅಂದರೆ ಅರ್ಥ ಏನು? ಬಸವಣ್ಣ ಅರಸನಲ್ಲ, ಹಾಗಿದ್ದರೆ 'ರಾಜ' ಎಲ್ಲಿಂದ ಬಂತು? ನಮ್ಮ ಕಡೆ ಈ ಹೆಸರು ಯಾಕಿಷ್ಟು ಜಾಸ್ತಿ? ನಿಜಕ್ಕೂ ಇದು ಹಳೆಯದಾಯಿತಾ?

ಅಕ್ಕಾವರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಇವತ್ತೇ ಸೊಸೆಯ ಹತ್ತಿರ ಕೂತು ಓದಿ. ನೀವಿಬ್ಬರೂ ಕೇಳುತ್ತಿರುವುದು ಒಂದೇ ಅರ್ಥದ ಹೆಸರನ್ನು.

ಸಂಸ್ಕೃತದಲ್ಲಿ ಋಷಭ ಅಂದರೆ ಹೋರಿ. ವೃಷಭ ಅಂದರೂ ಹೋರಿ. ಎರಡೂ ಅಕ್ಕಪಕ್ಕದ ಪದಗಳು. ಜೈನರ ಮೊದಲ ತೀರ್ಥಂಕರರನ್ನು ಋಷಭನಾಥ ಅಂತಲೂ ಕರೆಯುತ್ತಾರೆ, ವೃಷಭನಾಥ ಅಂತಲೂ ಕರೆಯುತ್ತಾರೆ. ಅವರ ಲಾಂಛನವೂ ಹೋರಿಯೇ. ಈ ವೃಷಭ ಪ್ರಾಕೃತದಲ್ಲಿ ವಸಹ ಆಯಿತು. ಕನ್ನಡದ ಬಾಯಿಗೆ ಬಂದಾಗ ಬಸವ ಆಯಿತು. ಮೊದಲಕ್ಷರ 'ವ' ಇದ್ದದ್ದು ನಮ್ಮಲ್ಲಿ 'ಬ' ಆಗುವುದು ಹೊಸದೇನಲ್ಲ. ವನ ಬನವಾಯಿತು, ವೀಧಿ ಬೀದಿಯಾಯಿತು, ವಸತಿ ಬಸದಿಯಾಯಿತು. ಮಕ್ಕಳಿಗೆ ತತ್ಸಮ ತದ್ಭವ ಕಲಿಸುವಾಗ ಇವನ್ನೆಲ್ಲ ನೀವೇ ಬೋರ್ಡಿನ ಮೇಲೆ ಬರೆದಿರುತ್ತೀರಿ. ಆ ಸಾಲಿನಲ್ಲಿ ನಿಮ್ಮ ಯಜಮಾನರ ಹೆಸರೂ ಇದೆ.

ಅಂದರೆ ರಿಷಭ್ ಮಡಿ ಉಟ್ಟುಕೊಂಡಿದೆ, ಬಸವ ಧೋತರ ಉಟ್ಟು ಹೊಲಕ್ಕೆ ಹೊರಟಿದೆ. ನನಗೆ ಎರಡನೆಯದರ ಮೇಲೆ ಪ್ರೀತಿ ಜಾಸ್ತಿ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಕಡೆ ಬಸವಣ್ಣ ಅಂದರೆ ಇವತ್ತಿಗೂ ಎರಡು ಅರ್ಥ. ಒಬ್ಬರು ಕಲ್ಯಾಣದ ಬಸವಣ್ಣ. ಇನ್ನೊಂದು ಗುಡಿ ಮುಂದಿನ ಕಲ್ಲಿನ ಬಸವಣ್ಣ, ದೇವರಿಗೆ ಬಿಟ್ಟ ಹೋರಿ. ಮಳೆಗಾಲದಲ್ಲಿ ಎರಡು ಕೋಡು ಚಾಚಿಕೊಂಡು ಗೋಡೆ ಹತ್ತುವ ಹುಳಕ್ಕೂ ಬಸವನಹುಳ ಅಂತಲೇ ಹೆಸರು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತೇವೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಸಣ್ಣವನಿದ್ದಾಗ ಕೆರೆಯ ಜಿಗುಟು ಮಣ್ಣು ತಂದು ಎತ್ತು ಮಾಡುತ್ತಿದ್ದೆವು. ಕೋಡು ನಿಲ್ಲುತ್ತಲೇ ಇರಲಿಲ್ಲ. ಅಜ್ಜ ಜೋಳದ ದಂಟಿನ ಚೂರು ಸಿಕ್ಕಿಸಿ ನಿಲ್ಲಿಸಿ ಕೊಡುತ್ತಿದ್ದರು. ಅವರ ಹೆಸರು ಬಸವಣ್ಣೆಪ್ಪ. ಮಣ್ಣಿನ ಎತ್ತಿಗೂ ಅಜ್ಜನಿಗೂ ಒಂದೇ ಹೆಸರು ಎಂದು ನನಗೆ ಆಗ ಅನಿಸಿದ್ದು ನೆನಪಿದೆ. ಹೆಮ್ಮೆ ಅನಿಸಿತ್ತು. ನಿಮ್ಮ ಹಾವೇರಿಯಲ್ಲಂತೂ ದೀಪಾವಳಿಯ ಹೋರಿ ಹಬ್ಬಕ್ಕೆ ಕೊಬ್ಬರಿ ಸರ ಕಟ್ಟಿಸಿಕೊಂಡು ಓಡುವ ಹೋರಿಗಳಿಗೆ ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಅಭಿಮಾನಿಗಳು. ಹೋರಿಯ ಹೆಸರನ್ನು ಮಗನಿಗೆ ಇಡುವುದು ನಾಚಿಕೆ ಅಲ್ಲ ಎಂದು ಗೊತ್ತಿರುವ ಸೀಮೆ ಇದು.

ಇನ್ನು ಬಸವಣ್ಣನವರ ಮಾತು. ಪದ ಮೊದಲು, ವ್ಯಕ್ತಿ ಆಮೇಲೆ. ತಾಯಿ ಮಾದಲಾಂಬಿಕೆ ನಂದಿಯ ವ್ರತ ಹಿಡಿದು ಪಡೆದ ಮಗ, ಅದಕ್ಕೇ ಬಸವ ಎಂದು ಪುರಾಣದ ಕತೆ. ಹಂಪಿಯ ಹರಿಹರ ಕವಿಯ ಪ್ರಕಾರ ಶಿವನ ಗಣದಲ್ಲಿದ್ದ ವೃಷಭಮುಖನೇ ಭೂಮಿಗೆ ಬಂದು ಬಸವನಾದ. ಕತೆಯನ್ನು ನಂಬುವುದು ಬಿಡುವುದು ಬೇರೆ ವಿಷಯ. ಹೆಸರಿನ ಬೇರು ಹೋರಿಯಲ್ಲಿದೆ ಎಂಬುದನ್ನು ಆ ಕವಿಗಳೂ ಮರೆತಿರಲಿಲ್ಲ.

ನಿಮ್ಮ 'ರಾಜ'ನ ಪ್ರಶ್ನೆ ನನಗೆ ಬಹಳ ಹಿಡಿಸಿತು. ಬಸವಣ್ಣ ಕಳಚುರಿ ಬಿಜ್ಜಳನ ಹತ್ತಿರ ಭಂಡಾರಿಯಾಗಿದ್ದವರು. ಸಿಂಹಾಸನ ಏರಿದವರಲ್ಲ. ಆದರೂ ಹರಿಹರ ತನ್ನ ಕಾವ್ಯಕ್ಕೆ ಇಟ್ಟ ಹೆಸರೇ 'ಬಸವರಾಜದೇವರ ರಗಳೆ'. ಅದು 1200ರ ಆಸುಪಾಸಿನ ಕಾವ್ಯ. ಅಂದರೆ ಬಸವರಾಜ ಎಂಬ ರೂಪಕ್ಕೆ ಎಂಟು ನೂರು ವರ್ಷ ಆಗಿದೆ. ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಆ ಕಾಲದಲ್ಲಿ ರಾಜ, ಅರಸ ಎಂಬುವು ಊರಿನ ಹಿರಿಯರ ಹೆಸರಿನ ಹಿಂದೆ ಗೌರವಕ್ಕೆ ಬರುತ್ತಿದ್ದವು. ಬಸವಣ್ಣನವರ ತಂದೆಯನ್ನೇ ನೋಡಿ. ಕೆಲವು ಕಡೆ ಮಾದರಸ, ಕೆಲವು ಕಡೆ ಮಾದಿರಾಜ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ 1260ರ ಒಂದು ಶಾಸನ ಇದೆ. ಮಗನ ಹೆಸರು, ಅಪ್ಪ ಮಾದಿರಾಜನ ಹೆಸರು, ಬಾಗೇವಾಡಿಯ ಹೆಸರು, ಮೂರೂ ಆ ಕಲ್ಲಿನ ಮೇಲಿವೆ. ಹೀಗಾಗಿ ಇಲ್ಲಿ ರಾಜ ಅಂದರೆ ಪಟ್ಟ ಕಟ್ಟಿಸಿಕೊಂಡವನು ಅಂತಲ್ಲ, 'ದೊಡ್ಡವರು' ಅಂತ. ಶರಣರಿಗೆ ಮಾತ್ರ ಆತ ಅಣ್ಣ. ಬಸವಣ್ಣ.

ನಮ್ಮ ಕಡೆ ಯಾಕಿಷ್ಟು ಜಾಸ್ತಿ ಎಂದು ಕೇಳಿದ್ದೀರಿ. ದೊಡ್ಡ ಕಾರಣ ನಿಮ್ಮ ಮನೆಯಲ್ಲೇ ಇದೆ. ಅಜ್ಜನ ಹೆಸರು ಮೊಮ್ಮಗನಿಗೆ. ಒಂದು ಬಸಪ್ಪ ಒಂದು ತಲೆಮಾರು ಬಿಟ್ಟು ಇನ್ನೊಂದು ಬಸಪ್ಪನಾಗಿ ಬರುತ್ತಾನೆ. ಹೆಸರು ಸಾಯುವುದೇ ಇಲ್ಲ. ಜೊತೆಗೆ ಇದು ಒಂದೇ ಜಾತಿಯ ಹೆಸರಾಗಿ ಉಳಿಯಲಿಲ್ಲ. ಲಿಂಗಾಯತರಲ್ಲಿದೆ, ಕುರುಬರಲ್ಲಿದೆ, ಹಡಪದರಲ್ಲಿದೆ, ದಲಿತರ ಮನೆಗಳಲ್ಲಿದೆ. ಜಂಗಮರಲ್ಲಿ ಬಸಯ್ಯ, ಗೌಡರಲ್ಲಿ ಬಸನಗೌಡ. ಗುರುಬಸಪ್ಪ, ಚನ್ನಬಸಪ್ಪ, ಸಂಗನಬಸಪ್ಪ. ಹೆಣ್ಣುಮಕ್ಕಳಿಗೆ ಬಸವ್ವ, ಬಸಮ್ಮ. ಬಸವಣ್ಣೆವ್ವ ಎಂಬ ಹೆಸರು ಕೇಳಿದಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ಒಂದೇ ಹೆಸರಿನಲ್ಲಿ ಅಣ್ಣನೂ ಇದ್ದಾನೆ, ಅವ್ವನೂ ಇದ್ದಾಳೆ!

ಈ ಹೆಸರು ಎಷ್ಟು ಒಳಗೆ ಇಳಿದಿದೆ ನೋಡಿ. 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಮಾಡಿಸಿ ವಚನಗಳನ್ನು ಜನರ ಕೈಗಿಟ್ಟವರು ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು. ಆ 'ಗು' ಅವರ ತಂದೆ ಗುರುಬಸಪ್ಪ. ತಾಳೆಗರಿಯಲ್ಲಿ ಬಸವಣ್ಣನನ್ನು ಹುಡುಕಿಕೊಂಡು ಊರೂರು ಅಲೆದವರ ಹೆಸರಿನೊಳಗೇ ಬಸವ ಇದ್ದ. ಅದಕ್ಕೂ ಮೊದಲು, ಮರಾಠಿಯ ಜೋರಿದ್ದ ಮುಂಬೈ ಪ್ರಾಂತ್ಯದಲ್ಲಿ ಈ ಭಾಗದ ಕನ್ನಡ ಶಾಲೆಗಳಿಗಾಗಿ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. ನೀವು ಕಲಿಸಿದ ಶಾಲೆಯ ಬೇರಿನಲ್ಲಿಯೂ ಒಬ್ಬ ಬಸಪ್ಪ ಇದ್ದಾರೆ, ಅಲ್ವಾ?

ನಿಮ್ಮ ಯಜಮಾನರು ಬಸಪ್ಪ, ಮೊಮ್ಮಗ ಬಸವರಾಜ ಎಂದು ನೀವು ಸಹಜವಾಗಿ ಬರೆದಿದ್ದೀರಿ. ಅದರಲ್ಲೇ ಒಂದು ಚರಿತ್ರೆ ಇದೆ. ಹಿಂದಿನವರಿಗೆ ಅಪ್ಪ, ಅಣ್ಣ ಸೇರಿದರೆ ಸಾಕಿತ್ತು. ಆಮೇಲಿನವರಿಗೆ ರಾಜ ಬೇಕಾಯಿತು. ಬೊಮ್ಮಾಯಿಯವರ ಮನೆತನದಲ್ಲಿ ಅಜ್ಜ ರಾಯಪ್ಪ, ಅಪ್ಪ ಸೋಮಪ್ಪ, ಮಗ ಬಸವರಾಜ. ಅಪ್ಪ ಮಗ ಇಬ್ಬರೂ ಮುಖ್ಯಮಂತ್ರಿಗಳಾದರು. ಆದರೆ ಹೆಸರಿನ ಬಾಲ ಬದಲಾಗಿದೆ. 1913ರಲ್ಲಿ ಹರ್ಡೇಕರ್ ಮಂಜಪ್ಪನವರು ದಾವಣಗೆರೆಯಲ್ಲಿ ಬಸವ ಜಯಂತಿ ಶುರು ಮಾಡಿದರು. ಮುಂದೆ ವಚನಗಳು ಶಾಲೆಯ ಪುಸ್ತಕಕ್ಕೆ ಬಂದವು. ಹಳ್ಳಿಯ ಬಸ್ಯಾನಿಗೆ ಪೂರ್ತಿ ಹೆಸರಿನ ಮೇಲೆ ಅಭಿಮಾನ ಹುಟ್ಟಿದ್ದರಲ್ಲಿ ಇವುಗಳ ಪಾಲು ದೊಡ್ಡದು ಎಂದು ನನಗನಿಸುತ್ತದೆ. ನಮ್ಮ ತಲೆಮಾರಿನಲ್ಲಂತೂ ಒಂದೇ ವರ್ಗದಲ್ಲಿ ಐದು ಬಸವರಾಜ. ಅಂಗಡಿ, ಬಡಿಗೇರ, ಮೆಣಸಿನಕಾಯಿ ಎಂದು ಅಡ್ಡಹೆಸರು ಹಿಡಿದು ಕೂಗಿದರೇ ಹಾಜರಿ ಮುಗಿಯುತ್ತಿತ್ತು.

ಈಗ ಹಾಗಿಲ್ಲ. ಇವತ್ತಿನ ಅಂಗನವಾಡಿಯಲ್ಲಿ ಬಸವರಾಜ ಅಪರೂಪ. ಎರಡಕ್ಷರದ, ಮೂರಕ್ಷರದ ಹೆಸರುಗಳೇ ಜಾಸ್ತಿ. ಅದಕ್ಕೆ ಬೇಸರ ಬೇಡ. ನಿಮ್ಮ ಸೊಸೆ ಕೇಳುತ್ತಿರುವುದೂ ಅದನ್ನೇ: ಚಿಕ್ಕದಿರಲಿ, ಕೂಗಲು ಹಗುರಾಗಿರಲಿ, ವರ್ಗದಲ್ಲಿ ಐದು ಮಂದಿ ಇರಬಾರದು. ನ್ಯಾಯವಾದ ಆಸೆ.

ಅವರ ಹೆಸರಿನಲ್ಲಿ ಇನ್ನೊಂದು ಚೆಂದ ಇದೆ, ಅದನ್ನೂ ಹೇಳಬೇಕು. ಸಂಗೀತದಲ್ಲಿ ಸ ಆದಮೇಲೆ ಬರುವ 'ರಿ'ಯೇ ರಿಷಭ. ಹಳೆಯ ಸಂಗೀತ ಶಾಸ್ತ್ರದಲ್ಲಿ ಷಡ್ಜ ನವಿಲಿನ ಕೂಗು, ರಿಷಭ ಹೋರಿಯ ಕೂಗು. ನಮ್ಮ ಧಾರವಾಡ ಕಡೆಯ ಯಲಿವಾಳದಲ್ಲಿ ಹುಟ್ಟಿ, ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಪಳಗಿ, ದೇಶವೆಲ್ಲ ಹಾಡಿದ ಪಂಡಿತ ಬಸವರಾಜ ರಾಜಗುರು ದಿನಾ ಬೆಳಗ್ಗೆ ಅದೇ ರಿಷಭ ಹಚ್ಚಿ ರಿಯಾಜು ಮಾಡಿದವರು ತಾನೆ? ಬಸವರಾಜನ ಬಾಯಲ್ಲಿ ರಿಷಭ! ಇದನ್ನು ಸೊಸೆಗೆ ತಪ್ಪದೆ ಹೇಳಿ.

'ಬಸ್ಯಾ' ಎಂಬ ಮಗನ ಆತಂಕ. ಶಾಲೆಯ ಹುಡುಗರು ಯಾವ ಹೆಸರನ್ನೂ ಬಿಡುವುದಿಲ್ಲ. ಮಲ್ಲಿಕಾರ್ಜುನ ಮಲ್ಯಾ ಆಗುತ್ತಾನೆ, ಈರಣ್ಣ ಈರ್ಯಾ ಆಗುತ್ತಾನೆ, ರಿಷಭ್ ರಿಷ್ಯಾ ಆಗುತ್ತಾನೆ. ಗೆಳೆಯ ಕರೆದರೆ ಅದರಲ್ಲಿ ಸಲಿಗೆ ಇರುತ್ತದೆ. ದೊಡ್ಡವರು, ಅದರಲ್ಲೂ ಉಳ್ಳವರು, ಬಡವನ ಮಗನನ್ನು ಹಾಗೆ ಕರೆದಾಗ ಮಾತ್ರ ನೋವಾಗುತ್ತದೆ. ಎಷ್ಟೋ ಅಪ್ಪಂದಿರು ಈ ಹೆಸರನ್ನು ಮಕ್ಕಳಿಗೆ ಇಡದೆ ಬಿಟ್ಟದ್ದು ಆ ನೋವಿಗೇ. ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ ಎಂದವರು ಆ ಹೆಸರಿನ ಮೂಲಪುರುಷರೇ. ತಪ್ಪು ಕರೆಯುವವರ ಬಾಯಿಯದು, ಹೆಸರಿನದಲ್ಲ.

ನನ್ನ ಸಲಹೆ ಕೇಳುವುದಾದರೆ, ಬಾಲ ತೆಗೆದುಬಿಡಿ. ಅಪ್ಪನೂ ಬೇಡ, ರಾಜನೂ ಬೇಡ. ಬರೀ 'ಬಸವ' ಎಂದು ಇಡಿ. ಮೂರೇ ಅಕ್ಷರ. ಸೊಸೆ ಕೇಳಿದಷ್ಟೇ ಚಿಕ್ಕದು, ಅವರು ಕೇಳಿದ್ದೇ ಅರ್ಥ, ನಿಮ್ಮ ಯಜಮಾನರ ಹೆಸರೂ ಉಳಿಯುತ್ತದೆ. ಇದಕ್ಕೂ ಅವರ ಮನಸ್ಸು ಒಪ್ಪದಿದ್ದರೆ ರಿಷಭ ಎಂದೇ ಇಡಲಿ. ಹೆತ್ತವಳ ಮಾತು ಮೊದಲು. ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಅಜ್ಜನ ಹೆಸರನ್ನೂ ಹೇಳಲಿ. ಆಮೇಲೆ ಅವಳ ಬೆನ್ನಿಗೆ ಬೀಳುವ ಗುದ್ದು ಎರಡು ಜಾಸ್ತಿ ಆಗಬಹುದು ಅಷ್ಟೇ.

ಅವಸರ ಮಾತ್ರ ಮಾಡಬೇಡಿ. ಜನನ ನೋಂದಣಿಯನ್ನು ಹೆಸರಿಲ್ಲದೆಯೂ ಮಾಡಿಸಬಹುದು. ಅಲ್ಲಿಂದ 12 ತಿಂಗಳ ಒಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸುತ್ತಾರೆ. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ತೊಟ್ಟಿಲ ದಿನ ಮನೆಯವರೆಲ್ಲ ಒಪ್ಪಿದ ಹೆಸರನ್ನು ಕರೆಯಿರಿ, ಗುಗ್ಗರಿ ಹಂಚಿ. ಯಾವ ಹೆಸರು ಆಯಿತು ಎಂದು ಒಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ